ನೆರೆಹೊರೆ ಅಂದ್ರೆ ಯಾರು ಸ್ವಾಮಿ?

ಮೊನ್ನೆ ಗೆಳೆಯರೊಬ್ಬರು ಒಂದು ರೆಕಾರ್ಡಿಂಗ್ ಕಳಿಸಿ, ‘ರಾತ್ರಿ ದೀಪ ಆರಿಸಿಕೊಂಡು ಕೇಳಿ’ ಅಂದರು. ಕೇಳಿದೆ. ಒಂದು ಕೊಳಲು, ಒಂದು ಹಾರ್ಪ್, ಅಷ್ಟೇ. ಕೊಳಲು ಅಂದರೆ ನಮ್ಮ ಬಿದಿರಿನದಲ್ಲ, ಪಾಶ್ಚಾತ್ಯರ ಕೀಲಿಗಳಿರುವ ಲೋಹದ ಫ್ಲೂಟು. ಹಾರ್ಪ್ ಅಂದರೆ ಆಳೆತ್ತರದ ಚೌಕಟ್ಟಿಗೆ 47 ತಂತಿ ಬಿಗಿದ ವಾದ್ಯ. ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಎರಡು ಸಲ ಕೇಳಿದೆ. ಆಮೇಲೆ ಅದರ ಜೊತೆಗಿದ್ದ ವಿವರ ಓದಿದೆ. ‘ಟರ್ಕಿ ಮತ್ತು ನೆರೆಹೊರೆಯ ಜನಪದ ಸಂಗೀತದಿಂದ ಸ್ಫೂರ್ತಿ ಪಡೆದದ್ದು’ ಎಂದಿತ್ತು. ಕೆಳಗೆ ಪಟ್ಟಿ. ಈ ವಾದ್ಯಗಳಿಗೆ ಹಾಡನ್ನು ಅಳವಡಿಸಿದವರ ಹೆಸರಿದೆ, ನುಡಿಸಿದವರ ಹೆಸರಿದೆ, ಮೈಕು ಹಿಡಿದವರ ಹೆಸರೂ ಇದೆ. ಹಾಡಿನ ಮುಂದೆ ಮಾತ್ರ ಒಂದೇ ಪದ: ‘ಸಾಂಪ್ರದಾಯಿಕ’.

ಅಲ್ಲಿಗೆ ನಿದ್ದೆ ಹಾಳಾಯಿತು.

ಮೊದಲೇ ಹೇಳಿಬಿಡ್ತೀನಿ, ನನ್ನ ಜಗಳ ವಾದ್ಯಗಳ ಜೊತೆ ಅಲ್ಲ. ಫ್ಲೂಟು–ಹಾರ್ಪ್ ಜೋಡಿ ಶ್ರೀಮಂತರ ದಿವಾನಖಾನೆಯದು, 1778ರಲ್ಲಿ ಮೊಜಾರ್ಟ್ ಪ್ಯಾರಿಸ್ಸಿನಲ್ಲಿ ಒಬ್ಬ ಡ್ಯೂಕನಿಗೂ ಅವನ ಮಗಳಿಗೂ ನುಡಿಸಲು ಬರೆದುಕೊಟ್ಟದ್ದು, ಹಳ್ಳಿ ಹಾಡಿಗೆ ಅದು ಒಗ್ಗೋದಿಲ್ಲ ಅನ್ನುವವರಿದ್ದಾರೆ. ನಾನು ಒಪ್ಪಲ್ಲ. ಅನಟೋಲಿಯಾದ ಕುರುಬರ ಕೈಯಲ್ಲಿ ‘ಕವಾಲ್’ ಎಂಬ ಕೊಳಲಿದೆ, ಮೆವ್ಲೆವಿ ದರ್ವೇಶಿಗಳಿಗೆ ‘ನೆಯ್’ ಇದೆ. ಒಟ್ಟೋಮನ್ ಆಸ್ಥಾನದಲ್ಲಿ ‘ಚೆಂಗ್’ ಎಂಬ ಹಾರ್ಪ್ ಇತ್ತು. ಹದಿನೇಳನೇ ಶತಮಾನ ಮುಗಿಯುವ ಹೊತ್ತಿಗೆ ಅದು ಮರೆಗೆ ಸರಿದು ಚಿತ್ರಗಳಲ್ಲಷ್ಟೇ ಉಳಿದಿತ್ತು. ನಮ್ಮ ಕಾಲದಲ್ಲಿ ಶಿರಿನ್ ಪಂಜಾರೋಲು ಅಂಥ ಕಲಾವಿದೆ ಅದನ್ನು ಮತ್ತೆ ಕೈಗೆತ್ತಿಕೊಂಡಿದ್ದಾರೆ. ಪಕ್ಕದ ಜಾರ್ಜಿಯಾದ ಸ್ವಾನೇತಿ ಬೆಟ್ಟಗಳಲ್ಲಿ ‘ಚಾಂಗಿ’ ಎಂಬ ಪುಟ್ಟ ಹಾರ್ಪ್ ಇವತ್ತಿಗೂ ನುಡಿಯುತ್ತದೆ. ಹಾಗಾಗಿ ನುಡಿಸಲಿ, ಧಾರಾಳವಾಗಿ ನುಡಿಸಲಿ.

ನನ್ನ ತಕರಾರು ಇರೋದು ಆ ಎರಡು ಪದಗಳ ಮೇಲೆ. ‘ನೆರೆಹೊರೆ’ ಮತ್ತು ‘ಸಾಂಪ್ರದಾಯಿಕ’.

‘ಸಾರಿ ಗೆಲಿನ್’ ಅಂತ ಒಂದು ಹಾಡಿದೆ. ಇಂಥ ಪಟ್ಟಿಗಳಲ್ಲಿ ಮತ್ತೆ ಮತ್ತೆ ಸಿಗುವಂಥದ್ದು. ‘ಗೆಲಿನ್’ ಅಂದರೆ ಮದುಮಗಳು. ‘ಸಾರಿ’ ಅಂದರೆ ಟರ್ಕಿಷ್ ಭಾಷೆಯಲ್ಲಿ ಹಳದಿ, ಅಂದರೆ ಹೊಂಗೂದಲಿನವಳು ಅಂತ ಇಟ್ಟುಕೊಳ್ಳಿ. ಅದೇ ಧಾಟಿಗೆ ಅರ್ಮೇನಿಯನ್ನರು ‘ಸಾರಿ ಅಘ್ಜಿಕ್’ ಅಂತ ಹಾಡುತ್ತಾರೆ. ಅವರ ಭಾಷೆಯಲ್ಲಿ ‘ಸಾರಿ’ ಅಂದರೆ ಬೆಟ್ಟದ. ಹಾಡು ಬೆಟ್ಟದ ಹುಡುಗಿಯದಾಯಿತು. ಅಜರ್‌ಬೈಜಾನಿನವರು ಇದು ನಮ್ಮದೇ ಅನ್ನುತ್ತಾರೆ. ಸದ್ದು ಒಂದೇ, ಹುಡುಗಿಯರು ಬೇರೆ ಬೇರೆ. ಯಾವ ಭಾಷೆಯಲ್ಲಿ ಹಾಡಿದಿರಿ ಅನ್ನುವುದರ ಮೇಲೆ ಅವಳು ಯಾರ ಮನೆಯ ಮಗಳು ಅನ್ನೋದು ತೀರ್ಮಾನವಾಗುತ್ತೆ. ಈಗ ಇದನ್ನು ಫ್ಲೂಟಿಗೂ ಹಾರ್ಪಿಗೂ ಕೊಡಿ. ಪದ ಹೋಯಿತು. ಪದದ ಜೊತೆ ಜಗಳವೂ ಹೋಯಿತು. ಎಲ್ಲರಿಗೂ ಹಿತ. ಆ ಹಿತವೇ ನನಗೆ ಅನುಮಾನ ತರಿಸುವುದು.

ಯಾಕಂದ್ರೆ ಇವರು ನೆರೆಹೊರೆಯವರಾಗಿರಲಿಲ್ಲ. ಒಂದೇ ಮನೆಯವರು. ಕೊಮಿತಾಸ್ ಕಥೆ ನೋಡಿ. 1869ರಲ್ಲಿ ಪಶ್ಚಿಮ ಅನಟೋಲಿಯಾದ ಕುತಾಹ್ಯಾದಲ್ಲಿ ಹುಟ್ಟಿದ ಅರ್ಮೇನಿಯನ್. ಮನೆಯಲ್ಲಿ ಆಡುತ್ತಿದ್ದ ಮಾತು ಟರ್ಕಿಷ್. ಅನಾಥನಾಗಿ ಎಚ್ಮಿಯಾಜಿನ್‌ನ ಧರ್ಮಪೀಠದ ಶಾಲೆ ಸೇರಿದ ಮೇಲೆ ಅರ್ಮೇನಿಯನ್ ಕಲಿತವರು. ಪಾದ್ರಿಯಾದರು, ಹಳ್ಳಿ ಹಳ್ಳಿ ತಿರುಗಿ ಹಾಡು ಬರೆದುಕೊಂಡರು. ಅರ್ಮೇನಿಯನ್ ಹಾಡು ಮಾತ್ರವಲ್ಲ, ಕುರ್ದಿಷ್ ಹಾಡನ್ನೂ. 1915ರ ಏಪ್ರಿಲ್ 24ರಂದು ಇಸ್ತಾಂಬುಲ್ಲಿನಲ್ಲಿ ಅರ್ಮೇನಿಯನ್ ಬುದ್ಧಿಜೀವಿಗಳ ಜೊತೆ ಅವರನ್ನೂ ಹಿಡಿದು ಗಡೀಪಾರು ಮಾಡಿದರು. ಜೀವಂತ ಮರಳಿದರು, ಮನಸ್ಸು ಮರಳಲಿಲ್ಲ. ಬರೆದಿಟ್ಟದ್ದರಲ್ಲಿ ಎಷ್ಟೋ ಕಳೆದುಹೋಯಿತು. 1935ರಲ್ಲಿ ಫ್ರಾನ್ಸಿನ ಮಾನಸಿಕ ಆಸ್ಪತ್ರೆಯೊಂದರಲ್ಲಿ ತೀರಿಕೊಂಡರು. ಇವರು ಟರ್ಕಿಯ ‘ನೆರೆಹೊರೆ’ಯವರೇ? ಮನೆಯಿಂದ ಹೊರಹಾಕಿದ ಮೇಲೆ ನೆರೆಯವರು ಅಂತ ಕರೆಯೋದು ಸುಲಭ.

ಕುರ್ದರ ಕಥೆ ಇನ್ನೊಂದು. ಅವರನ್ನು ಹೊರಹಾಕಲಿಲ್ಲ, ಭಾಷೆಯನ್ನು ಹೊರಹಾಕಿದರು. ಎಷ್ಟೋ ಕುರ್ದಿಷ್ ಧಾಟಿಗಳು ಟರ್ಕಿಷ್ ಪದ ತೊಟ್ಟು ಸರ್ಕಾರಿ ರೇಡಿಯೊದ ‘ಜನಪದ’ ಆದವು. 1983ರಲ್ಲಿ ಬಂದ ಕಾನೂನು ಕುರ್ದಿಷ್‌ನಲ್ಲಿ ಏನನ್ನೂ ಪ್ರಕಟಿಸದಂತೆ ಬಾಯಿ ಕಟ್ಟಿತು. ಅದು ರದ್ದಾದದ್ದು 1991ರಲ್ಲಿ. ಇಷ್ಟೆಲ್ಲ ಆದ ಮೇಲೆ ಆ ಹಾಡಿನಿಂದ ಪದವನ್ನೇ ತೆಗೆದು, ಕೆಳಗೆ ‘ಸಾಂಪ್ರದಾಯಿಕ, ಟರ್ಕಿ’ ಅಂತ ಬರೆದರೆ, ರೇಡಿಯೊದವರು ಅರ್ಧಕ್ಕೆ ಬಿಟ್ಟ ಕೆಲಸವನ್ನು ಹಾರ್ಪಿನವರು ಮುಗಿಸಿಕೊಟ್ಟ ಹಾಗೆ. ಅವರ ಮನಸ್ಸಿನಲ್ಲಿ ಕೇಡಿಲ್ಲ, ಗೊತ್ತು. ಆದರೆ ಫಲ ಅದೇ.

‘ಜನಪದಕ್ಕೆ ಹೆಸರೆಲ್ಲಿ ಬಂತು?’ ಅಂತ ಕೇಳ್ತೀರಾ. 1936ರ ನವೆಂಬರಿನಲ್ಲಿ ಹಂಗೇರಿಯ ಬೇಲಾ ಬಾರ್ಟೋಕ್, ಟರ್ಕಿಯ ಸಂಯೋಜಕ ಅದ್ನಾನ್ ಸಾಯ್ಗುನ್ ಜೊತೆ ಅದಾನಾ, ಒಸ್ಮಾನಿಯೆ ಸೀಮೆಯ ಅಲೆಮಾರಿ ಯೊರುಕ್ ಜನರ ನಡುವೆ ತಿರುಗಿದ. ಮೇಣದ ಸಿಲಿಂಡರಿನಲ್ಲಿ ಹಾಡು ಹಿಡಿಯುವ ಕಾಲ ಅದು. ಅಂಥ ಕಾಲದಲ್ಲೂ ಯಾರು ಹಾಡಿದರು, ವಯಸ್ಸೆಷ್ಟು, ಊರು ಯಾವುದು ಅಂತ ಬರೆದಿಟ್ಟುಕೊಂಡ. ಆ ಪುಸ್ತಕ ಹೊರಬಂದದ್ದು 1976ರಲ್ಲಿ, ಅವನು ಸತ್ತು ಮೂವತ್ತೊಂದು ವರ್ಷದ ಮೇಲೆ. ಆದರೂ ಹೆಸರು ಉಳಿಯಿತು. ಫೋನಿನಲ್ಲೇ ಸ್ಟುಡಿಯೊ ಇಟ್ಟುಕೊಂಡಿರುವ ನಮಗೆ ಆ ಒಂದು ಸಾಲು ಬರೆಯೋದು ಭಾರವಾಯಿತೇ?

ಹೆಸರಿಡುವುದು ಎಷ್ಟು ನಾಜೂಕಿನ ಕೆಲಸ ಅಂತಲೂ ಬಾರ್ಟೋಕ್‌ನಿಂದಲೇ ಕಲಿಯಬಹುದು. ಈಗ ಫ್ಲೂಟು, ಹಾರ್ಪಿನಲ್ಲೂ ನುಡಿಸುವ ಅವನ 1915ರ ‘ರೊಮೇನಿಯನ್ ಜನಪದ ಕುಣಿತಗಳು’ ಮೊದಲಿಗೆ ‘ಹಂಗೇರಿಯ ರೊಮೇನಿಯನ್ ಜನಪದ ಕುಣಿತಗಳು’ ಆಗಿತ್ತು. ಯುದ್ಧದ ನಂತರ ಟ್ರಾನ್ಸಿಲ್ವೇನಿಯಾ ರೊಮೇನಿಯಾದ ಪಾಲಾಯಿತು, ‘ಹಂಗೇರಿ’ ಬಿದ್ದುಹೋಯಿತು. ಕುಣಿತ ಅದೇ, ಹಳ್ಳಿ ಅದೇ, ಗೆರೆ ಮಾತ್ರ ಸರಿದದ್ದು. ಅದಕ್ಕೇ ನಾನು ಹೇಳೋದು, ದೇಶದ ಹೆಸರು ಸಾಲದು, ಊರಿನ ಹೆಸರು ಬೇಕು.

‘ಸಂಗೀತಕ್ಕೆ ಗಡಿಯಿಲ್ಲ’ ಅನ್ನುವ ಮಾತು ಈಗ ಬಂದೇ ಬರುತ್ತೆ. ಬಲ್ಗೇರಿಯಾದ ಅದೇಲಾ ಪೇವಾ 2003ರಲ್ಲಿ ಇದನ್ನೇ ಸಾಕ್ಷ್ಯಚಿತ್ರ ಮಾಡಿದರು. ‘ಉಸ್ಕುದಾರ್’ ಹಾಡನ್ನು ಹಿಡಿದು ಟರ್ಕಿ, ಗ್ರೀಸ್, ಅಲ್ಬೇನಿಯಾ, ಬೋಸ್ನಿಯಾ, ಸರ್ಬಿಯಾ, ಬಲ್ಗೇರಿಯಾ ಸುತ್ತಿದರು. ಎಲ್ಲ ಕಡೆಯೂ ‘ನಮ್ಮದು’ ಅನ್ನುವವರೇ. ಬೇರೆಯವರದ್ದೂ ಅಂದರೆ ಕೆಂಡ ಕಾರಿದರು. ಸರಿ, ಇಂಥ ಜಗಳಕ್ಕಿಂತ ಪದವಿಲ್ಲದ ಕೊಳಲೇ ವಾಸಿ ಅಲ್ವಾ? ಈ ವಾದದಲ್ಲಿ ಹುರುಳಿದೆ. ಭಾಷೆಗೆ ಬೀಗ ಬಿದ್ದಾಗ ಧಾಟಿ ಪದವಿಲ್ಲದೆಯೂ ಬದುಕಿಕೊಂಡಿದೆ, ಅದೂ ನಿಜ. ಆದರೆ ಅದು ಬಾಯಿ ಕಟ್ಟಿಸಿಕೊಂಡವರ ಉಪಾಯ. ಬಾಯಿ ಬಿಡಲು ಅಡ್ಡಿಯಿಲ್ಲದವರು ಅದನ್ನೇ ಶೈಲಿ ಮಾಡಿಕೊಂಡರೆ ಒಪ್ಪುವುದು ಹೇಗೆ? ಐದು ಜನ ನಮ್ಮದು ಅಂದರೆ ಐದೂ ಹೆಸರು ಬರೆಯಿರಿ. ಒಂದನ್ನೂ ಬರೆಯದಿರುವುದು ನ್ಯಾಯವಲ್ಲ, ನುಣುಚಿಕೊಳ್ಳುವಿಕೆ.

ಇನ್ನೊಂದು ಕಳವು ಸ್ವರದಲ್ಲೇ ಇದೆ. ಟರ್ಕಿಷ್ ಶಾಸ್ತ್ರ ಒಂದು ಪೂರ್ಣ ಸ್ವರಾಂತರವನ್ನು ಒಂಬತ್ತು ‘ಕೋಮಾ’ ಮಾಡುತ್ತದೆ. ಉಶ್ಶಾಕ್ ಮಕಾಮಿನ ಎರಡನೇ ಸ್ವರ ನಮ್ಮ ಶುದ್ಧ ರಿಷಭಕ್ಕೂ ಚತುಶ್ರುತಿ ರಿಷಭಕ್ಕೂ ನಡುವೆ ಎಲ್ಲೋ ನಿಲ್ಲುತ್ತೆ. ಹಾರ್ಪಿನ ಏಳು ಪೆಡಲುಗಳಿಗೆ ಮೂರು ಮೂರೇ ಮೆಟ್ಟಿಲು, ನಡುವೆ ಕಾಲಿಡಲು ಜಾಗವಿಲ್ಲ. ತಂತಿಯ ಶ್ರುತಿಯನ್ನೇ ಬೇರೆ ಕೂಡಿಸಬಹುದು, ತ್ರಾಸು, ಆದರೆ ಆಗದ್ದಲ್ಲ. ನಾನು ಕೇಳಿದ್ದರಲ್ಲಿ ಆ ಸ್ವರವನ್ನು ನೆಟ್ಟಗೆ ಕೆರೆದು ಪಿಯಾನೊದ ಮಟ್ಟಕ್ಕೆ ತಂದಿದ್ದರು. ಹೋಗ್ಲಿ, ಕೆರೆದಿದ್ದೀವಿ ಅಂತಾದರೂ ಹೇಳಬಹುದಿತ್ತು.

ಸ್ಫೂರ್ತಿ ಅಂದರೆ ಏನು ಅನ್ನೋದಕ್ಕೆ ಅಲನ್ ಹೊವಾನೆಸ್ ಇದ್ದಾರೆ. ಅಮೆರಿಕದವರು, ತಂದೆ ಅದಾನಾದಿಂದ ಬಂದ ಅರ್ಮೇನಿಯನ್. ಬಾರ್ಟೋಕ್ ತಿರುಗಿದ್ದು ಅದೇ ಸೀಮೆಯಲ್ಲಿ. ಅರ್ಮೇನಿಯನ್ ಚರ್ಚಿನಲ್ಲಿ ಆರ್ಗನ್ ನುಡಿಸುತ್ತ ಆ ಸಂಗೀತ ಕಲಿತರು. 1959ರಲ್ಲಿ ಮದ್ರಾಸಿಗೆ ಬಂದು ಕರ್ನಾಟಕ ಸಂಗೀತದ ಪಾಠಕ್ಕೂ ಕೂತರು. ಆಮೇಲೆ 1971ರಲ್ಲಿ ಫ್ಲೂಟು, ಹಾರ್ಪಿಗೆ ‘ದಿ ಗಾರ್ಡನ್ ಆಫ್ ಅಡೋನಿಸ್’ ಬರೆದಾಗ ಸ್ವಂತ ಧಾಟಿ ಕಟ್ಟಿ ಸ್ವಂತ ಹೆಸರು ಹಾಕಿದರು. ಅದು ಸ್ಫೂರ್ತಿ. ಇದ್ದ ಹಾಡನ್ನೇ ಎತ್ತಿಕೊಂಡರೆ ಅದು ಸಾಲ. ಸಾಲಕ್ಕೆ ಸಾಲಗಾರ ಹೆಸರು ಬರೆದುಕೊಡಬೇಕು.

ಇಷ್ಟನ್ನೂ ಗೆಳೆಯರಿಗೆ ಬರೆದು ಕಳಿಸಿದೆ. ‘ಅದೆಲ್ಲ ಇರಲಿ, ಚೆನ್ನಾಗಿದೆಯೋ ಇಲ್ವೋ ಹೇಳಿ’ ಅಂದರು. ಚೆನ್ನಾಗಿದೆ ಮಾರಾಯ್ರೆ. ಅದಕ್ಕೇ ಕೇಳ್ತಾ ಇರೋದು, ಯಾರದ್ದು ಅಂತ.