ಒಂದು ಕುದಿ ಸಾಕು

ಬೆಟ್ಟಗಾಡಿನ ಪ್ರವಾಸಕ್ಕೆ ಹೊರಟ ವಿದ್ಯಾರ್ಥಿಗಳಿಗೆ ಹಿರಿಯರು ಹೇಳುವ ಬುದ್ಧಿಮಾತುಗಳಲ್ಲಿ ಒಂದುಂಟು: ಹಳ್ಳದ ನೀರನ್ನು ಇಪ್ಪತ್ತು ನಿಮಿಷ ಕುದಿಸಿ, ಆರಿಸಿ ಕುಡಿಯಬೇಕು. ಉದ್ದೇಶವೇನೋ ಒಳ್ಳೆಯದೇ. ಆದರೆ ಈ ಉಪದೇಶದಿಂದ ಉಪಕಾರಕ್ಕಿಂತ ಅಪಕಾರವೇ ಹೆಚ್ಚೆಂದು ನಮ್ಮ ಅಭಿಪ್ರಾಯ. ಬಿಸಿಲಲ್ಲಿ ಬೆಟ್ಟವೇರಿ ಗಂಟಲೊಣಗಿದವರು ಯಾರು ತಾನೆ ಅಷ್ಟು ಹೊತ್ತು ಒಲೆಯ ಮುಂದೆ ಕಾದಾರು? ಇಪ್ಪತ್ತು ನಿಮಿಷ ಆಗದೆಂದು ಕುದಿಸುವುದನ್ನೇ ಬಿಟ್ಟು, ಹಳ್ಳಕ್ಕೆ ಬೊಗಸೆಯೊಡ್ಡುತ್ತಾರೆ.

ಕೇಳಿದರೆ, ಹರಿಯುವ ನೀರು, ತಳದ ಕಲ್ಲು ಕಾಣುವಷ್ಟು ತಿಳಿಯಾಗಿದೆ ಎಂಬ ಉತ್ತರ ಸಿದ್ಧವಾಗಿರುತ್ತದೆ. ನೀರನ್ನು ಕದಡಾಗಿಸುವುದು ಮಣ್ಣಿನ ಕಣಗಳು. ವಿಷಮಶೀತಜ್ವರದ ರೋಗಾಣುವಿನ ಉದ್ದ ಎರಡು ಮೂರು ಮೈಕ್ರಾನ್ ಮಾತ್ರ. ಅಂಥವು ಸಾವಿರಾರು ಇದ್ದರೂ ಲೋಟದ ನೀರು ತಿಳಿಯಾಗಿಯೇ ಕಾಣುತ್ತದೆ. ನಮ್ಮ ಹಿಂದಿನವರು ಚಿಲ್ಲದ ಬೀಜವನ್ನು ತೇಯ್ದು ಕೆಸರು ನೀರನ್ನು ತಿಳಿಗೊಳಿಸುತ್ತಿದ್ದರು. ಜಾಣತನದ ಉಪಾಯವೇ ಸರಿ, ಆದರೆ ತಿಳಿಯಾದ ಮಾತ್ರಕ್ಕೆ ಅದು ನಿರಪಾಯವಾಗಲಿಲ್ಲ. ಹಳ್ಳದ ಮೇಲುಗಡೆ ದನ ಮೇಯುತ್ತಿರಬಹುದು. ಇಲಿ, ದನಗಳ ಮೂತ್ರದಿಂದ ನೀರಿಗಿಳಿಯುವ ಇಲಿಜ್ವರ ಮಲೆನಾಡಿಗೂ ಕರಾವಳಿಗೂ ಹೊಸದೇನಲ್ಲ.

ಬಟ್ಟೆಯಲ್ಲಿ ಸೋಸಿದರೆ ಸಾಲದೇ? ಬಾಂಗ್ಲಾದೇಶದ ಹಳ್ಳಿಗಳಲ್ಲಿ ರೀಟಾ ಕೋಲ್ವೆಲ್ ಮತ್ತು ಸಂಗಡಿಗರು ನಡೆಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನವೊಂದುಂಟು. ಹಳೆಯ ಸೀರೆಯನ್ನು ಹಲವು ಮಡಿಕೆ ಮಾಡಿ ನೀರು ಸೋಸಿದಲ್ಲಿ ಕಾಲರಾ ಸುಮಾರು ಅರ್ಧಕ್ಕಿಳಿಯಿತು. ರೋಗಾಣುಗಳು ಅಂಟಿಕೊಂಡಿದ್ದ ಸೂಕ್ಷ್ಮ ಜಲಚರಗಳು ಬಟ್ಟೆಯಲ್ಲಿ ನಿಂತುದೇ ಅದಕ್ಕೆ ಕಾರಣ. ಒಂಟಿಯಾಗಿ ತೇಲುವ ರೋಗಾಣುವಿಗಾದರೋ ಸೀರೆಯ ಎಳೆಗಳ ನಡುವಣ ಸಂದು ಹೆಬ್ಬಾಗಿಲು. ಉಳಿದರ್ಧದ ಗತಿಯೇನು?

ಇನ್ನು ಕುದಿಯ ವಿಚಾರ. ಹಾಲನ್ನು ಪಾಶ್ಚರೀಕರಿಸುವಾಗ 72 ಡಿಗ್ರಿ ಸೆಂಟಿಗ್ರೇಡಿನಲ್ಲಿ ಹದಿನೈದು ಸೆಕೆಂಡು ಇಟ್ಟರೆ ಸಾಕು. ನೀರಿನಿಂದ ಹರಡುವ ರೋಗಾಣುಗಳೂ 70 ಡಿಗ್ರಿ ದಾಟಿದ ಮೇಲೆ ಬಹು ಬೇಗ ಸಾಯತೊಡಗುತ್ತವೆ. ನೀರು ಕಾಯುತ್ತ 70ರಿಂದ ಮೇಲೇರುವಷ್ಟರಲ್ಲಿಯೇ ಬಹುಪಾಲು ಕೆಲಸ ಮುಗಿದಿರುತ್ತದೆ. ಕುದಿ ಬಂದಿತೆಂದರೆ ಬೇಕಾದ ಉಷ್ಣತೆ ದಾಟಿತೆಂದರ್ಥ, ಉಷ್ಣಮಾಪಕವನ್ನು ಹೊತ್ತೊಯ್ಯಬೇಕಾಗಿಲ್ಲ. ಕೆಲವು ಬೀಜಕಣಗಳು ಕುದಿಯನ್ನೂ ತಡೆದುಕೊಳ್ಳುತ್ತವೆ, ನಿಜ. ಆದರೆ ಪ್ರವಾಸಿಗಳನ್ನು ಕಾಡುವ ವಾಂತಿಭೇದಿಗಳು ಅವುಗಳಿಂದ ಬರುವುದಲ್ಲ.

ಬೆಟ್ಟದ ಮೇಲೆ ನೀರು ಕಡಿಮೆ ಉಷ್ಣತೆಯಲ್ಲಿ ಕುದಿಯುವುದೆಂದು ನಮ್ಮ ತರಗತಿಯ ಚುರುಕಾದ ಹುಡುಗರು ಆಕ್ಷೇಪಿಸಬಹುದು. 1,930 ಮೀಟರು ಎತ್ತರದ ಮುಳ್ಳಯ್ಯನಗಿರಿಯಲ್ಲಿ ಅದು ಸುಮಾರು 94 ಡಿಗ್ರಿ. ಅಕ್ಕಿ ಬೇಯುವುದು ತಡವಾದೀತು. ರೋಗಾಣುಗಳಿಗೆ ಮಾತ್ರ ಅಷ್ಟೇ ಧಾರಾಳ. ಗುಳ್ಳೆಗಳು ಮೇಲುಕ್ಕಿ ಮರಳಿದ ಮೇಲೆ ಒಂದು ನಿಮಿಷ ಬಿಟ್ಟು ಇಳಿಸಿದರೆ ಸಾಕು. 2,000 ಮೀಟರಿಗೂ ಮೇಲೆ, ಹಿಮಾಲಯದ ಕಡೆ ಹೋದವರು ಮೂರು ನಿಮಿಷ ಬಿಡಲಿ.

ಅದಕ್ಕಿಂತ ಹೆಚ್ಚು ಕುದಿಸಿದರೆ ಉಷ್ಣತೆ ಏರದು, ಸೌದೆ ಉರಿದುಹೋಗುತ್ತದೆ. 20 ಡಿಗ್ರಿಯ ಒಂದು ಲೀಟರು ನೀರನ್ನು 100 ಡಿಗ್ರಿಗೆ ತರಲು 80 ಕಿಲೊಕ್ಯಾಲೊರಿ ಶಾಖ ಬೇಕು. ಅದನ್ನೆಲ್ಲ ಆವಿಯಾಗಿಸಲು 540. ಎಂದರೆ, ಪಾತ್ರೆಯ ನೀರಿನ ಏಳರಲ್ಲೊಂದು ಪಾಲು ಆವಿಯಾಗುವತನಕ ಕುದಿಸಿದರೆ ಇಂಧನದ ಖರ್ಚು ಹೆಚ್ಚುಕಡಿಮೆ ಇಮ್ಮಡಿ!

ಕುದಿಗೆ ಜಗ್ಗದ ದೋಷಗಳೂ ಇವೆ. ಕಾಫಿತೋಟದ ಕೆಳಗಿನ ತೊರೆಯಲ್ಲಿ ಕೀಟನಾಶಕವಿದ್ದರೆ, ಕೋಲಾರ ಪಾವಗಡಗಳ ಕೆಲವು ಕೊಳವೆಬಾವಿಗಳಂತೆ ನೀರಿನಲ್ಲಿ ಫ್ಲೋರೈಡ್ ಇದ್ದರೆ ಕುದಿಸಿ ಪ್ರಯೋಜನವಿಲ್ಲ. ನೀರು ಆವಿಯಾದಷ್ಟೂ ಫ್ಲೋರೈಡಿನ ಸಾಂದ್ರತೆ ಏರುತ್ತದೆ. ಅಂಥ ಕಡೆ ಬೇರೆ ನೀರನ್ನೇ ಹುಡುಕಬೇಕು.

ಕಾಡಿನೊಳಗೆ ಬೆಂಕಿ ಹೊತ್ತಿಸುವುದು ನಿಷಿದ್ಧವಾಗಿರುವುದರಿಂದ ತಪ್ಪಲಿನ ಮನೆಯಲ್ಲಿಯೇ ಹಿಂದಿನ ರಾತ್ರಿ ಕುದಿಸಿ ತುಂಬಿಕೊಳ್ಳುವುದು ಲೇಸು. ಅದು ಮುಗಿದಾಗ ಕ್ಲೋರಿನ್ ಗುಳಿಗೆಗಳು ಒದಗುತ್ತವೆ. ನೀರನ್ನು ಮೊದಲು ಸೋಸಿ, ಗುಳಿಗೆ ಹಾಕಿ ಅರ್ಧ ಗಂಟೆಯಾದರೂ ಕಾಯಬೇಕು. ತಣ್ಣೀರಿನಲ್ಲಿ ಇನ್ನೂ ಹೆಚ್ಚು. ಕ್ರಿಪ್ಟೊಸ್ಪೊರಿಡಿಯಂ ಎಂಬ ಪರೋಪಜೀವಿ ಈ ಗುಳಿಗೆಗೆ ಸೊಪ್ಪು ಹಾಕುವುದಿಲ್ಲ. ಒಂದು ಕುದಿಗೆ ಅದೂ ಸಾಯುತ್ತದೆ.