ದಂಗೆಯ ಬೇರಿಗೆ ಬಂದೂಕಿನ ಮದ್ದೆ?

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯು ನಮ್ಮದು. ಅದರ ಆಚರಣೆಯಾದರೋ ಅಮೇರಿಕೆಯದು.

೨೦೧೪ನೆಯ ಇಸವಿಯ ಆಗಸ್ಟ ೯ರಂದು ಮಿಸೂರಿ ಪ್ರಾಂತದ ಫರ್ಗ್ಯುಸನ್ ಪಟ್ಟಣದಲ್ಲಿ, ನಿರಾಯುಧನಾದ ೧೮ ವರ್ಷದ ಕಪ್ಪುವರ್ಣದ ತರುಣ ಮೈಕೇಲ್ ಬ್ರೌನನು ಪೋಲೀಸನೊಬ್ಬನ ಗುಂಡಿಗೆ ಬಲಿಯಾದನು. ನೊಂದ ಜನರು ಬೀದಿಗಿಳಿದರು. ಅಂಗಡಿಗಳ ಲೂಟಿಯೂ ನಡೆಯಿತು. ಅದನ್ನು ನಾವು ಸಮರ್ಥಿಸುವದಿಲ್ಲ. ಆದರೆ ಶಾಂತರಾಗಿ ನ್ಯಾಯ ಬೇಡಿದವರ ಎದುರಿಗೂ ಬಂದು ನಿಂತುದೇನು? ಉಕ್ಕಿನ ಕವಚದ ಯುದ್ಧವಾಹನಗಳು, ಗುರಿಯಿಟ್ಟ ಬಂದೂಕುಗಳು, ಅಶ್ರುವಾಯುವಿನ ಹೊಗೆ! ಊರ ಕಾವಲುಗಾರನು ಶತ್ರುರಾಜ್ಯವನ್ನು ಮುತ್ತಲು ಬಂದ ದಂಡಾಳಿನಂತೆ ತೋರಿದನು.

ಪೋಲೀಸರಿಗೆ ಈ ದಂಡಿನ ವೇಷವು ಬಂದುದು ಹೇಗೆ? ೧೯೯೦ರ ದಶಕದಲ್ಲಿ ಮಾದಕಪದಾರ್ಥಗಳ ನಿಗ್ರಹಕ್ಕೆಂದು ಆದ ಕಾನೂನುಗಳ ಮೇರೆಗೆ ಸೈನ್ಯದಲ್ಲಿ ಮಿಕ್ಕ ಸಾಮಗ್ರಿಯು ಊರೂರಿನ ಪೋಲೀಸರಿಗೆ ಹರಿದುಬಂದಿತು. ಕೇಂದ್ರ ಸರಕಾರದ ಧನಸಹಾಯದಿಂದ ಕೊಂಡುದು ಬೇರೆ.

ಇನ್ನು ರೋಗವೆಲ್ಲಿ? ಅಲ್ಲಿಯ ನ್ಯಾಯಖಾತೆಯೇ ೨೦೧೫ರಲ್ಲಿ ಅದನ್ನು ತೋರಿಸಿಕೊಟ್ಟಿತು. ಫರ್ಗ್ಯುಸನ್ನಿನ ಜನಸಂಖ್ಯೆಯಲ್ಲಿ ಕಪ್ಪುವರ್ಣದವರು ನೂರಕ್ಕೆ ೬೭. ಬಂಧನಕ್ಕೊಳಗಾದವರಲ್ಲಿಯೋ ನೂರಕ್ಕೆ ೯೩! ನಗರದ ಬೊಕ್ಕಸವನ್ನು ದಂಡದ ಹಣದಿಂದ ತುಂಬಿಸುವದೇ ಪೋಲೀಸರ ಕೆಲಸವಾಗಿತ್ತು. ಬಡವನು ದಂಡ ತೆರಲಾರದಿದ್ದರೆ ಮತ್ತೊಂದು ದಂಡ, ಬಳಿಕ ವಾರಂಟು, ಕೊನೆಗೆ ಸೆರೆಮನೆ. ಪ್ರಜೆಯನ್ನು ಕರೆಯುವ ಹಸುವೆಂದು ಬಗೆದವರು, ಅದು ಒದ್ದಾಗ ಬೆರಗಾಗುವದೇಕೆ?

ಇದು ಹೊಸ ಪಾಠವೂ ಅಲ್ಲ. ೧೯೬೭ರಲ್ಲಿ ಡೆಟ್ರಾಯಿಟ್ ನಗರದ ದಂಗೆಯಲ್ಲಿ ೪೩ ಜನರು ಮಡಿದರು. ಅದೇ ವರ್ಷ ಅಧ್ಯಕ್ಷ ಜಾನ್ಸನ್ನರು ನೇಮಿಸಿದ ಕರ್ನರ್ ಆಯೋಗವು ೧೯೬೮ರಲ್ಲಿ ವರದಿಯನ್ನೊಪ್ಪಿಸಿತು. ನಿರುದ್ಯೋಗ, ಹೀನ ವಸತಿ, ಪೋಲೀಸರ ವರ್ತನೆ, ಇವೆಲ್ಲವುಗಳ ಹಿಂದಿರುವ ಬಿಳಿಯರ ವರ್ಣದ್ವೇಷ, ಇವೇ ದಂಗೆಯ ಬೇರುಗಳೆಂದು ಸಾರಿತು. ಪೋಲೀಸರಿಗೆ ಮಶೀನ್‌ಗನ್ನು, ಟ್ಯಾಂಕುಗಳನ್ನು ಕೊಡುವದನ್ನು ಆಗಲೇ ಖಂಡಿಸಿತು. ಕೇಳಿದವರಾರು? ೨೦೧೫ರಲ್ಲಿ ಅಧ್ಯಕ್ಷ ಒಬಾಮಾರವರು ಸೈನ್ಯದ ಕೆಲವು ಸಾಮಗ್ರಿಗಳನ್ನು ಪೋಲೀಸರಿಗೆ ಕೊಡಲಾಗದೆಂದು ತಡೆದರು. ೨೦೧೭ರಲ್ಲಿ ಅಧ್ಯಕ್ಷ ಟ್ರಂಪರು ಆ ತಡೆಯನ್ನು ಕಿತ್ತೊಗೆದರು.

ಪೋಲೀಸರ ಪ್ರಾಣವೂ ಪ್ರಾಣವಲ್ಲವೇ ಎಂದು ಕೆಲವರು ಕೇಳುವರು. ನಿಶ್ಚಯವಾಗಿಯೂ ಹೌದು. ಆದರೆ ವಾಚಕರೇ, ಪೋಲೀಸನ ನಿಜವಾದ ಕವಚವು ಜನರ ವಿಶ್ವಾಸವೇ ಹೊರತು ಉಕ್ಕಲ್ಲ. ಆ ವಿಶ್ವಾಸವು ಸೈನ್ಯದ ಉಗ್ರಾಣದಲ್ಲಿ ದೊರೆಯುವದಿಲ್ಲ; ನ್ಯಾಯದಿಂದ ಮಾತ್ರ ದೊರೆಯುವದು. ಜನರ ಗೋಳನ್ನು ಕೇಳಲೊಲ್ಲದ ಸರಕಾರವು ಎಷ್ಟು ಬಂದೂಕುಗಳನ್ನು ಕೂಡಿಟ್ಟರೂ ಅದು ತನ್ನ ಅಂಜಿಕೆಯ ಲೆಕ್ಕವೇ ಹೊರತು ಬಲದ ಲೆಕ್ಕವಲ್ಲ.