ಕೊನೆಗಾರನ ಯೋಗಕ್ಷೇಮ

ಅಡಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವೇ ತಕ್ಕ ಮದ್ದೆಂದು ಡಾ. ಲೆಸ್ಲಿ ಕೋಲ್ಮನ್ನರು 1910ರ ಸುಮಾರಿನಲ್ಲಿಯೇ ಮೈಸೂರು ಸೀಮೆಯಲ್ಲಿ ತೋರಿಸಿಕೊಟ್ಟರು. 100 ಲೀಟರು ನೀರಿಗೆ ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ ಎಂಬ ಪ್ರಮಾಣವು ತೋಟಗಾರರಿಗೆ ಹೊಸತಲ್ಲ. ಆದರೆ ಮದ್ದು ತಾನಾಗಿ ಮರವೇರಲಾರದು. ನೆಲದಿಂದಲೇ ಸಿಂಪಡಿಸುವ ದೋಟಿಗಳು ಬಂದಿದ್ದರೂ, ಅನೇಕ ತೋಟಗಳಲ್ಲಿ ಅದನ್ನು ಕೊನೆಗೆ ಮುಟ್ಟಿಸತಕ್ಕವನು ಕೊನೆಗಾರನೇ. ಕಾಲಿಗೆ ತಳೆ, ಕೂರಲು ಮಣೆ, ಸೊಂಟದಲ್ಲಿ ಕತ್ತಿ, ಕೊನೆಯಿಳಿಸಲು ಹಗ್ಗ, ಇಷ್ಟೇ ಅವನ ಬಂಡವಾಳ. ನೆಲಕ್ಕಿಳಿಯದೆಯೇ ಮರದಿಂದ ಮರಕ್ಕೆ ದಾಟುವ ಆತನು ಜಾರಿಬಿದ್ದರೆ ಸಂಸಾರಕ್ಕೆ ಗತಿಯೇನು? ಕೂಲಿ ಕೊಟ್ಟ ಮಾತ್ರಕ್ಕೆ ತೋಟಗಾರರ ಹೊಣೆ ತೀರದು. ಮುಂಗಾರಿಗೆ ಮೊದಲೇ ಊರವರು ಕೂಡಿ ಅವನಿಗೆ ಸುರಕ್ಷತಾ ಪಟ್ಟಿಯನ್ನೂ ಅಪಘಾತ ವಿಮೆಯನ್ನೂ ಒದಗಿಸತಕ್ಕದ್ದು. ಕೊನೆಗಾರರು ಸಿಕ್ಕುವುದಿಲ್ಲವೆಂದು ದೂರುವುದರಿಂದ ಫಲವಿಲ್ಲ. ಪ್ರಾಣಕ್ಕೆ ಭದ್ರತೆಯಿಲ್ಲದ ಕಸುಬನ್ನು ಯಾವ ತಂದೆ ತಾನೇ ಮಗನಿಗೆ ಕಲಿಸುವನು?